ಸೋಮವಾರದ ಬೀಗ

ಹಗರಿಬೊಮ್ಮನಹಳ್ಳಿ
9 ಜೂನ್ 2025

ಪುಷ್ಪಾ,

ನಗಬೇಡ. ಇನ್‌ಲ್ಯಾಂಡ್ ಲೆಟರ್ ಕೊಡಿ ಅಂದದ್ದಕ್ಕೆ ಪೋಸ್ಟಾಫೀಸಿನಾಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಹಗಲೆಲ್ಲ ಕೀಬೋರ್ಡು ಕುಟ್ಟುವವಳು ಪೆನ್ನು ಹಿಡಿದಿದ್ದೇನೆ ಅಂದರೆ ಅದಕ್ಕೆ ನೀನೇ ಕಾರಣ. ನಿನ್ನ ಫೋನ್ ಸ್ವಿಚ್ ಆಫ್. ಮೇಲ್ ತೆರೆಯುವುದಿಲ್ಲ. ಸಂಕ್ರಾಂತಿ ಮುಗಿದ ಮೇಲೆ ಗುಡೇಕೋಟೆಗೇ ಬಂದೆ; ನಿಮ್ಮವ್ವ ಕಟ್ಟೆಯ ಮೇಲೆ ಕೂರಿಸಿ ಮಜ್ಜಿಗೆ ಕೊಟ್ಟು "ಆಕಿ ಹೊಲಕ್ಕ ಹೋಗ್ಯಾಳವ್ವಾ" ಅಂದರು. ಒಳಗೆ ನೀನು ಕೆಮ್ಮಿದ್ದು ನನಗೆ ಕೇಳಿಸಿತು. ಮಜ್ಜಿಗೆ ಕುಡಿದು ಬಸ್ ಹತ್ತಿದೆ.

ವಿಷಯಕ್ಕೆ ಬರುತ್ತೇನೆ. ರೋಹಿಣಿ ಮಳೆಗೆ ಐದೂ ತಾಲ್ಲೂಕಿನಲ್ಲಿ ಜೋಳ ಬಿತ್ತಿದ್ದಾರೆ. ಈಗ ಮಳೆ ಹಿಂದಾದರೆ ಗೇಣುದ್ದದ ಜೋಳ ಬಾಡುತ್ತದೆ. ಬಾಡಿದ ಎಳೆ ಜೋಳಕ್ಕೆ ಬಾಯಿ ಹಾಕಿದ ಕುರಿ ವಿಷವೇರಿ ನಿಂತಲ್ಲೇ ಬೀಳುತ್ತದೆ. ಇದನ್ನು ನಿನಗೆ ನಾನು ಹೇಳಿಕೊಡಬೇಕೆ? ಇದಕ್ಕೆಂದೇ ಅಲ್ಲವೇ ನಾವಿಬ್ಬರೂ ಈ ಸ್ಟೇಷನ್ ರಸ್ತೆಯ ಕೋಣೆ ಹಿಡಿದು 'ಕುರಿದಾರಿ' ಪ್ರೋಗ್ರಾಮು ಕಟ್ಟಿದ್ದು! ಬಾಡಿದ ಹೊಲ ಕಂಡವರು ನಮಗೆ ಒಂದು ಮಿಸ್ಡ್ ಕಾಲ್ ಕೊಟ್ಟು, ನಾವು ತಿರುಗಿ ಕರೆದಾಗ ಜಾಗ ಹೇಳಿದರೆ ಸಾಕು, ಕುರಿಗಾರರ ಫೋನುಗಳಿಗೆ ನಿನ್ನ ಧ್ವನಿಯಲ್ಲಿ ಕರೆ ಹೋಗುತ್ತದೆ, ಆ ಹೊಲಕ್ಕೆ ಕುರಿ ಬಿಡಬೇಡಿ ಎಂದು.

ಆದರೆ ಇವತ್ತಿಗೂ ಅದು ಹೋದ ವರ್ಷದ ತಪ್ಪನ್ನೇ ಮಾಡುತ್ತಿದೆ. ಹೊಲ ಯಾವ ತಾಲ್ಲೂಕಿನದೋ ಆ ತಾಲ್ಲೂಕಿನ ಕುರಿಗಾರರಿಗಷ್ಟೇ ಕರೆ. ಕುರಿ ಏನು ತಾಲ್ಲೂಕಾಫೀಸಿನ ನಕಾಶೆ ನೋಡಿ ಮೇಯುತ್ತದೆಯೇ? ಕೂಡ್ಲಿಗಿ ಕಡೆಯ ಹಿಂಡು ಕೊಟ್ಟೂರು ಹೊಲದಲ್ಲಿ ನಿಂತಿದ್ದರೆ ಅದರ ಕುರಿಗಾರನಿಗೆ ಸುದ್ದಿಯೇ ಇಲ್ಲ. ಇದನ್ನು ಸರಿಮಾಡಿದವಳು ನೀನು. ಕುರಿಗಾರನ ಊರು ನೋಡದೆ, ಅವನ ಫೋನ್ ಇರುವ ಜಾಗದಿಂದ ಹಿಂಡು ಈಗ ಎಲ್ಲಿದೆ ಅನ್ನುವುದನ್ನು ನೋಡಿ ಕರೆ ಮಾಡುವ ಹಾಗೆ ಬರೆದು, ಅದನ್ನು ಬೇರೆ ಬ್ರಾಂಚ್ ಮಾಡಿ, 'ಅಪ್ಪನ ದಾರಿ' ಎಂದು ಹೆಸರಿಟ್ಟೆ. ಅದು ಹಾಗೇ ಬಿದ್ದಿದೆ. ಈಗ ಓಡುತ್ತಿರುವ ಮೇನ್ ಬ್ರಾಂಚಿಗೆ ಮರ್ಜ್ ಆಗಿ ಸೇರದೆ ಅದರಿಂದ ಒಂದು ಕರೆಯೂ ಹೋಗುವುದಿಲ್ಲ. ಬೇರೆ ಬ್ರಾಂಚನ್ನು ಇಬ್ಬರೂ ಒಪ್ಪದೆ ಮೇನ್ ಒಳಗೆ ಬಿಡಬಾರದು ಎಂದು ನಾವೇ ಕಟ್ಟು ಹಾಕಿಕೊಂಡಿದ್ದೇವೆ, ಖಾತೆ ನಿನ್ನ ಹೆಸರಿನಲ್ಲಿದೆ. ನಾನೊಬ್ಬಳೇ ಏನೂ ಮಾಡಲಾರೆ.

ನಿಮ್ಮಪ್ಪ ಒಮ್ಮೆ "ಬ್ರಾಂಚ್ ಅಂದ್ರ ಏನವ್ವಾ?" ಎಂದು ಕೇಳಿದ್ದಕ್ಕೆ ನೀನು ಏನು ಹೇಳಿದ್ದೆ, ನೆನಪಿದೆಯೇ? "ಮುಂಜಾನಿ ಹಿಂಡು ಒಡದು ಒಂದೊಂದು ದಾರಿಗೆ ಹೊಕ್ಕಾವಲ್ಲಪ್ಪಾ, ಹಂಗ. ಸಂಜಿಗೆ ಎಲ್ಲಾ ಒಂದ ರೊಪ್ಪಕ್ಕ ಬರಬೇಕು." ನಿನ್ನದು ಇನ್ನೂ ರೊಪ್ಪದ ಬೇಲಿಯೊಳಗೆ ಬಂದಿಲ್ಲ, ಪುಷ್ಪಾ. ಮಳೆ ಹಿಂದಾಗುವ ಮೊದಲು ಬಾ.

ನಿನ್ನ
ಗೀತಾ

*

ಹಗರಿಬೊಮ್ಮನಹಳ್ಳಿ
24 ಜೂನ್ 2025

ಲೇ ಪುಷ್ಪಾ,

ಉತ್ತರ ಇಲ್ಲ. ಇರಲಿ. ನಾನೇ ಮರ್ಜ್ ಮಾಡಲು ಕೂತೆ. ನೀನು ಬಿಟ್ಟುಹೋದ ಮೇಲೆ ಮೇನ್‌ನಲ್ಲೇ ನೇರವಾಗಿ ಮಾಡಬಹುದಾದ ಸಣ್ಣಪುಟ್ಟದನ್ನು ನಾನು ಬದಲಿಸಿದ್ದೇನೆ, ಹಾಗಾಗಿ ಎರಡಕ್ಕೂ ಮೂರು ಕಡೆ ಜಗಳ ಬಿತ್ತು. ಒಂದೇ ಸಾಲನ್ನು ನೀನೊಂದು ಥರ, ನಾನೊಂದು ಥರ ತಿದ್ದಿದ್ದೇವೆ. ಯಂತ್ರ ಎರಡನ್ನೂ ಎದುರಿಗೆ ಹರಡಿ, ಯಾವುದು ಇರಬೇಕು ಹೇಳು ಅನ್ನುತ್ತದೆ.

ಮೊದಲನೆಯದು ಫೋನ್ ನಂಬರಿನದು, ಸರಿಮಾಡಿದೆ. ಎರಡನೆಯ ಕಡೆ ಕಣ್ಣು ಮುಚ್ಚಿ ನಿನ್ನದನ್ನೇ ಇಟ್ಟೆ. ಮೂರನೆಯದಕ್ಕೆ ಬಂದು ಕೈ ನಿಂತಿತು. ಅದು ಸೋಮವಾರದ ಸಾಲು.

ಕೋಣೆ ಹಿಡಿದ ಹೊಸತರಲ್ಲಿ ನಿಮ್ಮಪ್ಪ ಪಾಲಾಕ್ಷಪ್ಪ ಕಾಕಾ ರೊಟ್ಟಿ ಬುತ್ತಿ ತಂದಿದ್ದರು. ವಾರವಿಡೀ ಬಿಡುವಿಲ್ಲದೆ ಕೂತು ನಮ್ಮಿಬ್ಬರ ಕಣ್ಣು ಕೆಂಪಾಗಿತ್ತು. "ಸೋಮವಾರ ನಾವು ಎತ್ತಿಗೆ ನೊಗ ಇಡಂಗಿಲ್ಲ. ನಿಮ್ಮ ಯಂತ್ರಕ್ಕೂ ಒಂದಿನ ಬಿಡ್ರಿ" ಅಂದರು. ನಾವು ನಕ್ಕೆವು. ನಕ್ಕವರೇ ಆ ಸಾಲು ಬರೆದೆವು: ಸೋಮವಾರ ಮೇನ್ ಬ್ರಾಂಚಿಗೆ ಬೀಗ, ಯಾರದ್ದೂ ಮರ್ಜ್ ಆಗತಕ್ಕದ್ದಲ್ಲ. ಕರೆಗಳು ಎಂದಿನಂತೆ ಹೋಗುತ್ತಿದ್ದವು, ಹೊಸದು ಮಾತ್ರ ಒಳಗೆ ಬರುವಂತಿರಲಿಲ್ಲ. ಅದರ ಕೆಳಗೆ ನೀನು ಷರಾ ಬರೆದೆ, "ಪಾಲಾಕ್ಷಪ್ಪನವರ ಮಾತಿನಂತೆ." ಸುಳ್ಳೇಕೆ ಹೇಳಲಿ, ಅದರಿಂದ ಒಳ್ಳೆಯದೇ ಆಯಿತು. ಭಾನುವಾರದ ಅವಸರದ ತಪ್ಪುಗಳು ಮಂಗಳವಾರ ತಣ್ಣಗೆ ಕಣ್ಣಿಗೆ ಬೀಳುತ್ತಿದ್ದವು.

ಹೋದ ವರ್ಷ ಆಗಸ್ಟಿನ ಆ ಶ್ರಾವಣ ಸೋಮವಾರ ನೀನು 'ಅಪ್ಪನ ದಾರಿ' ಮುಗಿಸಿ ಮರ್ಜ್ ಒತ್ತಿದೆ. ಬೀಗ ಒಲ್ಲೆ ಅಂದಿತು. ನೀನು ಬೀಗ ತೆಗೆಯಬಹುದಿತ್ತು, ನಾನು ತೆಗೆಯೇ ಅನ್ನಬಹುದಿತ್ತು. ಒಂದು ದಿನ ತಾನೇ, ಅಪ್ಪನ ಮಾತು ಯಾಕೆ ಮೀರುವುದು ಎಂದು ಇಬ್ಬರೂ ಮಂಡಕ್ಕಿ ತಿನ್ನಲು ಹೋದೆವು. ಅದೇ ಸಂಜೆ ಕೊಟ್ಟೂರು ಕಡೆಯ ಹೊಲದಲ್ಲಿ ನಿಮ್ಮಪ್ಪನ ಹಿಂಡು ಬಾಡಿದ ಜೋಳ ತಿಂದು ಬಿತ್ತು. ಆ ಹೊಲದ ಬಗ್ಗೆ ಮಧ್ಯಾಹ್ನವೇ ನಮಗೆ ಸುದ್ದಿ ಬಂದಿತ್ತು. ಕೊಟ್ಟೂರಿನವರಿಗೆಲ್ಲ ಕರೆ ಹೋಗಿತ್ತು. ಕೂಡ್ಲಿಗಿ ತಾಲ್ಲೂಕು ಗುಡೇಕೋಟೆಯ ಪಾಲಾಕ್ಷಪ್ಪನಿಗೆ ಹೋಗಲಿಲ್ಲ.

ಆ ರಾತ್ರಿಯೇ ನಿನ್ನ ಬ್ರಾಂಚಿನಲ್ಲಿ ಸೋಮವಾರದ ಸಾಲನ್ನು ನೀನು ಅಳಿಸಿದ್ದೀಯ. ಆಮೇಲೆ ಮೇನ್‌ನಲ್ಲಿ ನಾನು ಅದನ್ನು 'ತುರ್ತು ಇದ್ದರೆ ಬೀಗ ತೆಗೆಯಬಹುದು' ಎಂದು ತಿದ್ದಿದ್ದೆ. ನಿನ್ನದು ಇರಬೇಕೋ ನನ್ನದೋ ಅಂತ ಯಂತ್ರ ನನ್ನನ್ನು ಕೇಳುತ್ತಿದೆ. ಆ ಸಾಲನ್ನು ನಿನ್ನನ್ನು ಕೇಳದೆ ಮುಟ್ಟಲಾರೆ. ನೀನು ಹೇಗೆ ಬಿಡಿಸಿದರೂ ನನ್ನ ಒಪ್ಪಿಗೆ ಇದೆ ಎಂದು ಒತ್ತಿಟ್ಟಿದ್ದೇನೆ. ನಿನ್ನದೊಂದೇ ಬಾಕಿ.

ಅಲ್ಲಿಯವರೆಗೆ ನಾನೇ ಒಬ್ಬೊಬ್ಬರಿಗೆ ಫೋನ್ ಹಚ್ಚುತ್ತಿದ್ದೇನೆ. ಹರಪನಹಳ್ಳಿ ಕಡೆಯವನೊಬ್ಬ "ನೀವು ಯಾರ್ ರೀ? ಓಟಿಪಿ ಕೇಳೋರಾ?" ಎಂದು ಬೈದು ಇಟ್ಟ. ಅವರಿಗೆ ನಿನ್ನ ಧ್ವನಿಯೇ ಬೇಕು. ಬೇಗ ಬರೆ.

ಗೀತಾ

*

ಗುಡೇಕೋಟೆ
2 ಜುಲೈ 2025

ಗೀತಾ,

ಕಾಗದ ಬರೆಯಬೇಡ. ಪೋಸ್ಟಿನ ಓಬಳೇಶ ಅಪ್ಪನ ಕೈಗೇ ಕೊಟ್ಟು ಹೋಗುತ್ತಾನೆ. ಅಪ್ಪನಿಗೆ ಓದಲು ಬಾರದು, ಆದರೆ ಎದುರಿಗೇ ಕೂತು "ಗೀತವ್ವ ಏನು ಬರದಾಳ?" ಎಂದು ಕೇಳುತ್ತಾನೆ. ನಿನಗೆ ಮದುವೆ ಗೊತ್ತಾಗಿದೆ ಎಂದು ಹೇಳಿದ್ದೇನೆ.

ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಹಾಗೆ ತಿಳಿದು ನೀನು ನವೆಯುವುದು ಬೇಡ. ಕಾರಣ ಬೇರೆ. ಅವತ್ತು ಯಾಕೆ ಕರೆ ಬರಲಿಲ್ಲ ಎಂದು ಅಪ್ಪ ಒಂದೇ ಸಲ ಕೇಳಿದ. "ಅಷ್ಟು ದೂರದ್ದು ಮಷೀನಿಗೆ ತಿಳಿಯಂಗಿಲ್ಲಪ್ಪಾ" ಅಂದೆ. ಅಪ್ಪ ನಂಬಿದ್ದಾನೆ. ಈಗ ಆ ಬ್ರಾಂಚ್ ಮೇನ್‌ಗೆ ಸೇರಿ, ನಾಳೆ ಎಲ್ಲೋ ದೂರದ ಹೊಲದ ಕರೆ ಅಪ್ಪನ ಫೋನಿಗೆ ಬಂದರೆ, ಈಗ ತಿಳಿದದ್ದು ಆಗ ಯಾಕೆ ತಿಳಿಯಲಿಲ್ಲ ಎಂದು ಕೇಳುತ್ತಾನೆ. ನಾನು ಏನು ಹೇಳಲಿ? ನಿನ್ನ ಸೋಮವಾರವೇ ನಿನ್ನ ಕುರಿ ತಿಂದಿತು ಅನ್ನಲೇ?

ಎದೆಗೆ ಅವುಚಿಕೊಂಡು ಸಾಕಿದ ಕುರಿ ಅವು. ಆ ಮಾತು ಕೇಳಿದರೆ ನನ್ನಪ್ಪ ಬದುಕುವುದಿಲ್ಲ. ಆ ಬ್ರಾಂಚನ್ನು ಡಿಲೀಟ್ ಮಾಡಿಬಿಡು.

ಪುಷ್ಪಲತಾ

*

ಹಗರಿಬೊಮ್ಮನಹಳ್ಳಿ
7 ಜುಲೈ 2025

ಪುಷ್ಪಾ,

ಮದುವೆ ಮಾಡಿದ್ದೀಯ, ಸಂತೋಷ. ಗಂಡ ಯಾರು ಅಂತಾದರೂ ಹೇಳು, ನಮ್ಮವ್ವ ಗುರುಬಸಮ್ಮ ಕೊಟ್ಟೂರಿನಲ್ಲಿ ಅದನ್ನೇ ಕೇಳಿ ಕೇಳಿ ಸೋತುಹೋಗಿದ್ದಾಳೆ.

ಡಿಲೀಟ್ ಮಾಡುವುದಿಲ್ಲ. ನೀನು ಬಂದು ನನ್ನ ಕೈ ಕಡಿದರೂ ಮಾಡುವುದಿಲ್ಲ. ಅಪ್ಪನನ್ನು ಕಾಯಬೇಕು ಅನ್ನುತ್ತೀಯ, ನನಗೆ ಅರ್ಥವಾಗುತ್ತದೆ. ಆದರೆ ಈ ಐದು ತಾಲ್ಲೂಕಿನಲ್ಲಿ ಕುರಿ ಹಿಂದೆ ಅಲೆಯುವವರೆಲ್ಲ ಯಾರದೋ ಅಪ್ಪಂದಿರಲ್ಲವೇ? ಮೃಗಶಿರಾ ಹುಸಿ ಹೋಯಿತು, ಆರಿದ್ರಾ ನಾಕು ಹನಿ ಉದುರಿಸಿ ಹೋಯಿತು. ಹಡಗಲಿ ಕಡೆ ಎರೆ ಹೊಲಗಳು ಆಗಲೇ ಬಿರಿಯುತ್ತಿವೆ. ನಿನ್ನ ಕೈಯಲ್ಲಿ ಮದ್ದಿದೆ, ಅದನ್ನು ಟ್ರಂಕಿನಲ್ಲಿಟ್ಟು ಮೇಲೆ ಕೂತಿದ್ದೀಯ.

ಒಂದು ಕೆಲಸ ಮಾಡು. ಸೋಮವಾರದ ಬೀಗ ಹಾಗೇ ಇರಲಿ, ಕಾಕಾನ ಮಾತು ಇದ್ದಲ್ಲೇ ಇರಲಿ. ಕರೆಯ ಭಾಗ ಮಾತ್ರ ಒಳಗೆ ಬಿಡು. ಅವರು ಕೇಳಿದರೆ ಹೊಸ ಮಷೀನ್ ತಂದೆವು ಅನ್ನು. ನನ್ನ ಮದುವೆಯಷ್ಟು ದೊಡ್ಡ ಸುಳ್ಳಲ್ಲ ಅದು.

ನಿನ್ನ ಕಾಲು ಹಿಡಿಯುತ್ತೇನೆ.

ಗೀತಾ

*

ಗುಡೇಕೋಟೆ
16 ಜುಲೈ 2025

ಗೀತಾ,

ನಿನ್ನ ಕಾಗದ ಓದಿ ಟ್ರಂಕು ತೆಗೆದೆ, ಲ್ಯಾಪ್‌ಟಾಪ್ ಮುಟ್ಟಿದೆ, ಮತ್ತೆ ಮುಚ್ಚಿದೆ. ಸುಳ್ಳು ಹೇಳಲು ಆಗುವುದಿಲ್ಲ ಎಂದಲ್ಲ. ಅಪ್ಪ ಎದುರಿಗೆ ಕೂತಾಗ ಮುಖ ನೋಡಿ ಹೇಳಲು ಆಗುವುದಿಲ್ಲ.

ಉಳಿದ ಏಳೆಂಟು ಕುರಿ ಹೊಡೆದುಕೊಂಡು ಬೆಳಿಗ್ಗೆ ಹೋಗುತ್ತಾನೆ. ದೂರ ಹೋಗುವುದಿಲ್ಲ, ಗುಡ್ಡದ ಬುಡದಲ್ಲೇ ತಿರುಗುತ್ತಾನೆ. ಸಂಜೆ ಬಂದು ದೊಡ್ಡ ರೊಪ್ಪದ ಮುಳ್ಳುಬೇಲಿ ಪೂರ್ತಿ ತೆಗೆಯುತ್ತಾನೆ, ಮೊದಲು ಇಡೀ ಹಿಂಡಿಗೆ ತೆಗೆಯುತ್ತಿದ್ದ ಹಾಗೆ. ಅಷ್ಟು ಕುರಿಗೆ ಒಂದು ಮೊಳ ಸಂದಿ ಸಾಕು. ಅವ್ವ "ಯಾಕ ಅಷ್ಟಕ್ಕೊಂದು ತಗೀತೀ?" ಎಂದು ಕೇಳಿದಳು. ಅಪ್ಪ ಕೊನೆಯ ಮುಳ್ಳುಕಂಟಿಯನ್ನೂ ಎಳೆದು ಬದಿಗಿಟ್ಟ, ನಾನು ಒಳಗೆ ಹೋಗಿ ಅತ್ತೆ.

ಅಪ್ಪನ ಫೋನ್ ಮಾತ್ರ ಯಾವಾಗಲೂ ಚಾರ್ಜ್ ಆಗಿರುತ್ತದೆ. ನಿನ್ನೆ ಕೇಳಿದ, "ನಿನ್ನ ದನಿ ಫೋನಿನ್ಯಾಗ ಬಂದು ಭಾಳ ದಿನ ಆತಲ್ಲ?" ನಮ್ಮ ಕಡೆ ಇನ್ನೂ ಜೋಳ ಬಾಡಿಲ್ಲಪ್ಪಾ ಅಂದೆ. "ಬಾಡತೈತಿ" ಅಂದ.

ಏನು ಮಾಡಲಿ ಹೇಳು. ಒಂದು ಕಡೆ ಇಡೀ ಸೀಮೆಯ ಕುರಿ, ಇನ್ನೊಂದು ಕಡೆ ನನ್ನಪ್ಪ. ನಿನ್ನ ಯಂತ್ರ ಎರಡನ್ನೂ ಹರಡಿ ಕೇಳುತ್ತದೆ ಅಂದೆಯಲ್ಲ, ನಾನು ಹಗಲೂ ರಾತ್ರಿ ಅದರ ಮುಂದೇ ಕೂತಿದ್ದೇನೆ. ನನ್ನಿಂದ ಆಗುವುದಿಲ್ಲ ಗೀತಾ. ಬೇರೆ ಯಾರನ್ನಾದರೂ ನೋಡಿಕೋ.

ಪುಷ್ಪಲತಾ

*

ಹಗರಿಬೊಮ್ಮನಹಳ್ಳಿ
26 ಜುಲೈ 2025

ಪುಷ್ಪಲತಾ,

ಹೊಳಲಿನ ಮೈಲಾರೇಶ ನಿನಗೆ ಗೊತ್ತು. ಕುರಿದಾರಿಗೆ ಮೊದಲು ನಂಬರ್ ಕೊಟ್ಟವರಲ್ಲಿ ಒಬ್ಬ, ನಿನ್ನನ್ನು ಅಕ್ಕಾ ಅನ್ನುತ್ತಿದ್ದ. ನಿನ್ನೆ ಹರಪನಹಳ್ಳಿ ಗಡಿ ದಾಟಿ ಕುರಿ ಬಿಟ್ಟಿದ್ದಾನೆ. ಆ ಹೊಲದ ಸುದ್ದಿ ಬೆಳಿಗ್ಗೆಯೇ ಬಂದಿತ್ತು. ಹರಪನಹಳ್ಳಿಯವರಿಗೆಲ್ಲ ಕರೆ ಹೋಯಿತು. ಇವನು ಹಡಗಲಿ ತಾಲ್ಲೂಕಿನವನು.

ನಾನೇ ಹಚ್ಚಬೇಕೆಂದು ಹೆಸರು ನೋಡುತ್ತಾ ಬರುತ್ತಿದ್ದೆ, ಪುಷ್ಪಾ. ಅವನ ಹೆಸರಿಗೆ ಬರುವಷ್ಟರಲ್ಲಿ ಅವನದೇ ಫೋನ್ ಬಂತು. ಹಿಂದೆ ಯಾರೋ ಹೆಂಗಸು ಎದೆ ಬಡಿದುಕೊಂಡು ಅಳುತ್ತಿದ್ದಳು. ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನನಗ್ಯಾಕ ಫೋನ್ ಬರಲಿಲ್ಲರೀ ಅಕ್ಕಾ? ನನ್ನ ನಂಬರ್ ತಗದು ಹಾಕೀರೇನು?" ಎಂದು ಕೇಳಿದ. ಇಲ್ಲಪ್ಪಾ ಅಂದೆ.

ನಿನ್ನನ್ನು ಬಲವಂತ ಮಾಡಿ ನನಗೂ ಸಾಕಾಯಿತು. ಈ ಶ್ರಾವಣ ಮುಗಿಯುತ್ತಲೇ ಕೋಣೆ ಬಿಡುತ್ತೇನೆ, ಕುರಿದಾರಿ ನಿಲ್ಲಿಸುತ್ತೇನೆ. ಅರ್ಧ ಜನರನ್ನು ಉಳಿಸಿ ಇನ್ನರ್ಧ ಜನರನ್ನು ನಂಬಿಸಿ ಕೊಲ್ಲುವುದಕ್ಕಿಂತ ಏನೂ ಇಲ್ಲದಿರುವುದೇ ವಾಸಿ. ಕರೆ ಬರುತ್ತದೆ ಎಂದು ಕಾಯದಿದ್ದರೆ ಅವರೇ ಹೊಲ ನೋಡಿಕೊಂಡು ಕುರಿ ಬಿಟ್ಟಾರು.

ಈ ಕಾಗದ ನಿಮ್ಮಪ್ಪ ಕೇಳಿದರೆ ಏನು ಸುಳ್ಳು ಹೇಳುತ್ತೀಯೋ ಹೇಳಿಕೋ.

ಗೀತಾಂಜಲಿ

*

ಗುಡೇಕೋಟೆ
6 ಆಗಸ್ಟ್ 2025

ಗೀತಾ,

ಮರ್ಜ್ ಆದದ್ದನ್ನು ನೀನು ಆಗಲೇ ಸ್ಕ್ರೀನಿನಲ್ಲಿ ನೋಡಿರುತ್ತೀಯ. ಫೋನ್ ಮಾಡಬಹುದಿತ್ತು, ಆದರೆ ಇದನ್ನು ಬಾಯಲ್ಲಿ ಹೇಳಲು ಕೂತರೆ ಅಳುವುದೇ ಆಗುತ್ತದೆ. ಅದಕ್ಕೆ ಬರೆಯುತ್ತಿದ್ದೇನೆ.

ನಿನ್ನ ಕೊನೆಯ ಕಾಗದ ಬಂದಾಗ ಅಪ್ಪ ಎಂದಿನಂತೆ ಎದುರಿಗೆ ಕೂತ. ನನಗೆ ಸುಳ್ಳು ಹುಟ್ಟಲಿಲ್ಲ. ಹೊಳಲಿನ ಮೈಲಾರೇಶನ ಕುರಿ ಸತ್ತವಂತೆ ಎಂದಷ್ಟೇ ಹೇಳಿದೆ. ಹೆಂಗ ಎಂದು ಅಪ್ಪ ಕೇಳಲಿಲ್ಲ. ಟವೆಲ್ ಕೊಡವಿ ಎದ್ದು ಹೋದ.

ಅದಾದ ಮೇಲೆ ನಮ್ಮ ಹೊಲದ ಜೋಳವೂ ಬಾಡಿತು. ಕೊಟ್ಟೂರು ಕಡೆಯಿಂದ ಹಿಂಡುಗಳು ಗುಡ್ಡಕ್ಕೆ ಬರುವ ಕಾಲ ಇದು, ದಾರಿ ನಮ್ಮ ಹೊಲದ ಬದುವಿನ ಮೇಲೇ. ಭಾನುವಾರ ಸಂಜೆ ಬೆನಕಪ್ಪ ಅನ್ನುವವನ ಹಿಂಡು ಹೊಲದ ಆಚೆ ಬಂದು ಬೀಡುಬಿಟ್ಟಿತು. ಅಪ್ಪ ಹೋಗಿ ಅವನಿಗೆ ಹೇಳಿ ಬಂದ. ಅವನ ಹಿಂದೆ ಇನ್ನೂ ಹಿಂಡುಗಳು ಬರುತ್ತಿದ್ದವು.

ಸೋಮವಾರ ಬೆಳಿಗ್ಗೆ ನಾನು ಬಾಗಿಲಿಗೆ ನೀರು ಹಾಕುತ್ತಿದ್ದೆ. ಅಪ್ಪ ಪಕ್ಕದ ಗಂಗಪ್ಪನ ಎತ್ತು ಬಿಚ್ಚುತ್ತಿದ್ದ. ಶ್ರಾವಣ ಸೋಮವಾರ, ಗೀತಾ. ಗಂಗಪ್ಪ ಓಡಿ ಬಂದು "ಏ ಪಾಲಾಕ್ಷಪ್ಪಾ, ತಲಿ ಕೆಟ್ಟೈತೇನು? ಇವತ್ತು ಯಾರಾದ್ರೂ ನೊಗ ಇಡ್ತಾರೇನು?" ಅಂದ. ಅಪ್ಪ "ನಾಳಿ ಬಿಡುವು ಕೊಡ್ತೀನಿ ಬಿಡು ಅವಕ್ಕ" ಎಂದು ನೊಗ ಹೂಡಿದ. ಎತ್ತಿನ ಮೈ ತಡವಿದ, ಕೈ ಮುಗಿದ, ಹೊರಟ. ಓಣಿಯ ಜನ ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದರು.

ನಾನೂ ಅವ್ವನೂ ಹಿಂದೆ ಓಡಿದೆವು. ಅಪ್ಪ ಬಾಡಿದ ಜೋಳದ ಮೇಲೆ ನೇಗಿಲು ಹೊಡೆದು ಮಣ್ಣಿಗೆ ಮುಚ್ಚುತ್ತಿದ್ದ. ಅವನೇ ಬಿತ್ತಿದ್ದ ಜೋಳ. ಮೇಲೆ ಉಳಿದ ಸಸಿಗಳನ್ನು ನಾವಿಬ್ಬರೂ ಆರಿಸಿ ಆರಿಸಿ ಗುಂಡಿಗೆ ಹಾಕಿದೆವು. "ನಾಳೆ ಮಾಡಬಹುದಿತ್ತಲ್ಲಪ್ಪಾ" ಅಂದೆ. ಬಾಯಿತಪ್ಪಿ ಬಂದದ್ದು ಅದು.

ಅಪ್ಪ ನೇಗಿಲು ನಿಲ್ಲಿಸಿದ. ನನ್ನ ಕಡೆ ತಿರುಗಲಿಲ್ಲ, ಎತ್ತಿನ ಬೆನ್ನು ನೋಡುತ್ತಾ ಹೇಳಿದ.

"ಬೆನಕಪ್ಪಗ ಬಾಯಿಲೆ ಹೇಳಿದೆ. ಹಿಂದ ಬರೋರಿಗೆ ಯಾರು ಹೇಳ್ತಾರ? ನಿನ್ನ ಮಷೀನು ಹೇಳಂಗಿಲ್ಲ. ಅವತ್ತೂ ನಾಳಿ ಅಂದಿದ್ರಲ್ಲವ್ವಾ ನೀವು."

ಹೋದ ವರ್ಷ ಆ ಹೊಲದಲ್ಲಿ, ಸತ್ತ ಕುರಿಗಳ ನಡುವೆ ನಿಂತು, ನಾನು ನಿನಗೆ ಫೋನಿನಲ್ಲಿ ಕಿರುಚಿದ್ದೆನಲ್ಲ, "ಸೋಮವಾರ ಅಂತ ಒಳಗ ಬಿಡಲಿಲ್ಲ, ನಾಳಿ ಅಂದ್ವಿ, ಅಪ್ಪನ ಸೋಮವಾರ!" ಎಂದು. ಅಪ್ಪ ದೂರದಲ್ಲಿ ಕುರಿಗಳನ್ನು ಎತ್ತಿ ನಿಲ್ಲಿಸಲು ನೋಡುತ್ತಿದ್ದ, ಕೇಳಿಸಿಲ್ಲ ಅಂದುಕೊಂಡಿದ್ದೆ. ಕೇಳಿಸಿತ್ತು. ಒಂದು ವರ್ಷ, ಗೀತಾ! ಅಪ್ಪನಿಗೆ ಗೊತ್ತಾಗಬಾರದು ಎಂದು ನಾನು, ನನಗೆ ಗೊತ್ತಿದೆ ಎಂದು ಮಗಳಿಗೆ ಗೊತ್ತಾಗಬಾರದು ಎಂದು ಅಪ್ಪ, ಒಂದೇ ಒಲೆಯ ಮುಂದೆ ಕೂತು ರೊಟ್ಟಿ ತಿಂದಿದ್ದೇವೆ.

"ಯಾಕ ಹೇಳಲಿಲ್ಲಪ್ಪಾ?" ಅಂದೆ.

"ನೀ ನನ್ನ ಸಲುವಾಗಿ ಅಷ್ಟು ಸುಳ್ಳು ಹೇಳತಿದ್ದಿ. ಹೆಂಗ ಹೇಳ್ಲಿ? ಗೀತವ್ವನ ಮದುವಿ ಒಂದು ನಿಂತೈತಿ ನೋಡು ನಿನ್ನ ಬಾಯಾಗ" ಅಂದ. ಅಂದು ನಗಲು ಹೋಗಿ ನೇಗಿಲ ಹಿಡಿಯ ಮೇಲೆ ತಲೆ ಇಟ್ಟು ಅತ್ತ. ನನ್ನಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಆಮೇಲೆ ಮೂಗು ಒರೆಸಿಕೊಂಡು, "ಆ ಸಾಲು ತಗಿಯವ್ವಾ. ನನ್ನ ಮಾತು ಅಂತ ಬರದಿದ್ದಿಯಲ್ಲ, ತಗಿಯೋದೂ ನನ್ನ ಮಾತು ಅಂತನ ಬರಿ" ಅಂದ.

ಮನೆಗೆ ಓಡಿ ಬಂದು ಟ್ರಂಕು ತೆಗೆದೆ. ಮೊದಲು ಬೀಗ ಬಿಚ್ಚಿದೆ. ಮೂರನೆಯ ಜಾಗದಲ್ಲಿ ನಿನ್ನದನ್ನೂ ಇಡಲಿಲ್ಲ, ನನ್ನ ಹಳೆಯದನ್ನೂ ಹಾಗೇ ಇಡಲಿಲ್ಲ. ಸಾಲು ತೆಗೆದು ಷರಾ ಬರೆದೆ, "ಪಾಲಾಕ್ಷಪ್ಪನವರ ಮಾತಿನಂತೆ ತೆಗೆದಿದೆ." ನಿನ್ನ ಒಪ್ಪಿಗೆ ಅಲ್ಲೇ ಕಾದಿತ್ತು. ನನ್ನದು ಒತ್ತಿದೆ. ಸೋಮವಾರದ ದಿನ 'ಅಪ್ಪನ ದಾರಿ' ಮೇನ್‌ಗೆ ಸೇರಿತು.

ಗಂಗಪ್ಪನ ಹೊಲವೂ ಬಾಡಿತ್ತು, ಅದನ್ನು ಉಳುವಷ್ಟು ಎತ್ತಿಗೂ ಅಪ್ಪನಿಗೂ ಶಕ್ತಿ ಇರಲಿಲ್ಲ. ಅದರ ಸುದ್ದಿಯನ್ನು ನಾನೇ ಹಾಕಿದೆ. ಕರೆಗಳು ಹೊರಟವು. ನಾನು ಮತ್ತೆ ಹೊಲಕ್ಕೆ ಹೋದೆ.

ಅಪ್ಪ ಬದುವಿನ ಮೇಲೆ ಕೂತಿದ್ದ, ಉಳಿದ ಕುರಿಗಳು ಅಲ್ಲೇ ಮೇಯುತ್ತಿದ್ದವು. ಅವನ ಫೋನ್ ರಿಂಗಾಯಿತು. ನಾನು ಎದುರಿಗೇ ನಿಂತಿದ್ದೆ, ಆದರೂ ಅಪ್ಪ ಅದನ್ನು ಕಿವಿಗೆ ಹಿಡಿದು ಎದ್ದು ನಿಂತ. ನನ್ನದೇ ಧ್ವನಿ ನನಗೆ ಹೊರಗೆ ಕೇಳುತ್ತಿತ್ತು: "ನಿಮ್ಮ ಹಿಂಡಿನ ಹತ್ರದ ಹೊಲದಾಗ ಜೋಳ ಬಾಡೈತ್ರಿ. ಕುರಿ ಆ ಕಡಿ ಬಿಡಬ್ಯಾಡ್ರಿ." ಅಪ್ಪ ಕೊನೆಯವರೆಗೂ ಕೇಳಿದ. ಕರೆ ಮುಗಿದ ಮೇಲೂ ಕಿವಿಯಿಂದ ತೆಗೆಯಲಿಲ್ಲ.

"ಹೂನವ್ವಾ, ಹೊಡಕೊಂಡು ಹೊಂಟೆ ನೋಡು" ಎಂದು ಅದಕ್ಕೆ ಹೇಳಿದ. ನನಗಲ್ಲ, ಫೋನಿಗೆ. ಹೇಳಿ ಕೋಲು ಎತ್ತಿಕೊಂಡು ಕುರಿ ತಿರುಗಿಸಿದ.

ಮೈಲಾರೇಶನಿಗೆ ನಾಳೆ ನಾನೇ ಫೋನ್ ಮಾಡುತ್ತೇನೆ. ಕೋಣೆ ಬಿಡಬೇಡ.

ನಿನ್ನ
ಪುಷ್ಪಾ